ಮಲೆಪರೊಳ್ ಗಂಡ: ಹೊಯ್ಸಳ ವಿಷ್ಣುವರ್ಧನನ ಬಿರುದುಗಳೂ ಬಾಳೂ

ಚೈತ್ರಮಾಸದಲ್ಲಿ ಬೇಲೂರಿನ ಶ್ರೀ ಚೆನ್ನಕೇಶವಸ್ವಾಮಿಯ ರಥೋತ್ಸವಕ್ಕೆ ಮೂಡಿಗೆರೆ ಸೀಮೆಯ ಆಸ್ತಿಕ ಕುಟುಂಬಗಳು ಹೋಗಿಬರುವುದು ಹಿಂದಿನಿಂದಲೂ ನಡೆದುಬಂದ ವಾಡಿಕೆ. ಗರ್ಭಗೃಹದಲ್ಲಿ ನಿಂತ ಆ ಭವ್ಯಮೂರ್ತಿಯನ್ನು ಪ್ರತಿಷ್ಠಾಪಿಸಿದ ದೊರೆ ವಿಷ್ಣುವರ್ಧನನೆಂಬುದನ್ನು ಬಾಲಕರೂ ಬಲ್ಲರು. ಆದರೆ ಆ ದೊರೆಯ ವಂಶದ ಬೇರು ನಮ್ಮ ತಾಲ್ಲೂಕಿನ ಅಂಗಡಿ ಗ್ರಾಮದಲ್ಲಿದೆಯೆಂಬುದನ್ನು ಅಲ್ಲಿಗೆ ಹೋಗುವವರಲ್ಲಿ ಎಷ್ಟು ಮಂದಿ ನೆನೆಯುತ್ತಾರೋ ತಿಳಿಯದು. ಶಾಸನಗಳಲ್ಲಿ ಸೊಸೆವೂರು, ಶಶಕಪುರ ಎಂದು ಕರೆಯಲ್ಪಟ್ಟಿರುವ ಊರು ಇದೇ. ಅಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ವಸಂತಮ್ಮನ ಗುಡಿ, ಜೀರ್ಣವಾದ ಬಸದಿಗಳು, ವಿಷ್ಣು ದೇವಾಲಯದ ಅವಶೇಷಗಳು ಕಾಫಿ ತೋಟಗಳ ನಡುವೆ ನಿಂತಿವೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ಕಡೆಗೆ ಯಾತ್ರಿಕರ ಪ್ರವಾಹ ಹೆಚ್ಚಿತು. ಅಂಗಡಿಯ ಹಾದಿ ಮಾತ್ರ ಮೊದಲಿನಂತೆಯೇ ನಿರ್ಜನವಾಗಿದೆ.

ಈ ದೊರೆಯ ಚರಿತ್ರೆಯನ್ನು ಅವನು ಧರಿಸಿದ ಬಿರುದುಗಳ ಮೂಲಕ ಓದುಗರ ಮುಂದಿಡಬೇಕೆಂಬುದು ನಮ್ಮ ಅಪೇಕ್ಷೆ. ಅರಸರು ಪ್ರಜೆಗಳಿಗೆ ತಮ್ಮನ್ನು ಹೇಗೆ ತೋರಿಸಿಕೊಳ್ಳಬಯಸಿದರೆಂಬುದು ಬಿರುದುಗಳಿಂದ ತಿಳಿಯುವಷ್ಟು ಬೇರೆ ಯಾವುದರಿಂದಲೂ ತಿಳಿಯಲಾರದು. ಆ ಅಧಿಕಾರವು ಯಾರ ಮೇಲೆ ಹೇಗೆ ಬಿದ್ದಿತೆಂಬುದನ್ನು ತಿಳಿಯಬೇಕಾದರೆ ಅದೇ ಶಾಸನಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕಾಗುತ್ತದೆ.

ಮೊದಲು ಪದವಿಗಳ ವಿಚಾರ. ಆ ಕಾಲದ ಕನ್ನಡನಾಡಿನಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯೊಬ್ಬನೇ ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕನೆಂಬ ಬಿರುದುಗಳಿಗೆ ಅರ್ಹನಾಗಿದ್ದನು. ಅವನ ಕೆಳಗೆ ಮಹಾಮಂಡಳೇಶ್ವರರು, ಅವರ ಕೆಳಗೆ ಮಹಾಸಾಮಂತರು, ಸಾಮಂತರು, ನಾಯಕರು. ಹಳ್ಳಿಯ ಮಟ್ಟಕ್ಕೆ ಬಂದರೆ ನಾಡಪ್ರಭುಗಳು ಮತ್ತು ಗಾವುಂಡರು. ಮಹಾಮಂಡಳೇಶ್ವರನಿಗೆ ಪಂಚಮಹಾಶಬ್ದಗಳ ಗೌರವವಿತ್ತು. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳನ್ನು ಅವನ ಮುಂದೆ ಮೊಳಗಿಸಬಹುದಾಗಿತ್ತು. ಇವುಗಳಲ್ಲಿ ಕೆಲವನ್ನು ನಾವು ದಿನವೂ ಮಂಗಳಾರತಿಯ ಹೊತ್ತಿನಲ್ಲಿ ಸ್ವಾಮಿಯ ಮುಂದೆ ಕೇಳುತ್ತೇವೆ. ಅನುಮತಿಯಿಲ್ಲದೆ ಮನುಷ್ಯರಾರೂ ಅವನ್ನು ತಮ್ಮ ಮುಂದೆ ಬಾರಿಸಿಕೊಳ್ಳುವಂತಿರಲಿಲ್ಲ. ಚಕ್ರವರ್ತಿಯು ತನ್ನ ಬಿರುದನ್ನೇ ಸಾಮಂತನಿಗೆ ಧರಿಸಲು ಕೊಡುವುದೂ ಉಂಟು. ಹೊಯ್ಸಳ ಅರಸರ ಹೆಸರಿನ ಹಿಂದೆ ಬರುವ ತ್ರಿಭುವನಮಲ್ಲ ಎಂಬ ಪದವನ್ನು ನೋಡಿ ಅವರು ಮೂರು ಲೋಕಗಳನ್ನೂ ಗೆದ್ದವರೆಂದು ತಿಳಿಯಬಾರದು. ಅದು ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಬಿರುದು. ಅದನ್ನು ಧರಿಸಿದವನು ಆ ಚಕ್ರವರ್ತಿಗೆ ಅಧೀನನೆಂಬುದೇ ಅದರ ಇಂಗಿತ. ಹೊರಗಿನಿಂದ ಕಿರೀಟದಂತೆ ಕಾಣುವುದು ಎಷ್ಟೋ ವೇಳೆ ನೊಗವಾಗಿರುತ್ತದೆ.

ಹೊಯ್ಸಳರಿಗೆ ಚಕ್ರವರ್ತಿಯಿಂದ ಬರದೆ ಸ್ವಂತದ್ದಾಗಿದ್ದ ಬಿರುದು ಮಲೆಪರೊಳ್ ಗಂಡ ಎಂಬುದು. ಮಲೆಪರೆಂದರೆ ನಮ್ಮ ಈ ಬೆಟ್ಟಸೀಮೆಯ ಪಾಳೆಯಗಾರರು. ಅವರಲ್ಲಿ ಶೂರನಾದವನು ಎಂದು ಅರ್ಥ. ಸೊಸೆವೂರಿನ ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ ಮುನಿಯ ಆಜ್ಞೆಯಂತೆ ಸಳನು ಹುಲಿಯನ್ನು ಹೊಡೆದು ಕೊಂದ ಕಥೆಯು ಬೇಲೂರಿನ 1117ರ ಶಾಸನದಲ್ಲಿ ಕಾಣಿಸಿಕೊಳ್ಳುತ್ತದೆ. ವಂಶವು ಪ್ರಬಲವಾದ ಮೇಲೆ ಮೂಲಪುರುಷನಿಗೆ ಒಂದು ಕಥೆ ಬೇಕಾಗುವುದು ಲೋಕಸಹಜ. ದ್ವಾರಾವತೀಪುರವರಾಧೀಶ್ವರ, ಯಾದವಕುಲಾಂಬರದ್ಯುಮಣಿ ಎಂಬ ಬಿರುದುಗಳೂ ಹಾಗೆಯೇ ಸೇರಿಕೊಂಡವು. ಉಡುಪಿಯ ಶ್ರೀಕೃಷ್ಣನ ದ್ವಾರಕೆಗೂ ಮಲೆನಾಡಿನ ಈ ಮನೆತನಕ್ಕೂ ಸಂಬಂಧ ಕಲ್ಪಿಸಿದ ಕವಿಗಳ ಚಾತುರ್ಯವನ್ನು ಮೆಚ್ಚೋಣ. ಹುಲಿಯ ಕಥೆಯೇ ನಮಗೆ ಹೆಚ್ಚು ಹತ್ತಿರವಾಗಿ ತೋರುತ್ತದೆ.

ವಿಷ್ಣುವರ್ಧನನ ಅಜ್ಜ ವಿನಯಾದಿತ್ಯನು ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದನು. ಅವನು ಎಷ್ಟು ಕೆರೆ, ಗುಡಿ, ಬಸದಿಗಳನ್ನು ಕಟ್ಟಿಸಿದನೆಂಬುದನ್ನು ವರ್ಣಿಸುವ ಶ್ರವಣಬೆಳಗೊಳದ ಶಾಸನವು ಇಟ್ಟಿಗೆಗಾಗಿ ಮಣ್ಣು ತೆಗೆದ ಗುಂಡಿಗಳೇ ಕೆರೆಗಳಾದವು, ಕಲ್ಲಿಗಾಗಿ ಒಡೆದ ಬೆಟ್ಟಗಳು ನೆಲಸಮವಾದವು, ಗಾರೆಯ ಬಂಡಿಗಳು ಓಡಾಡಿದ ದಾರಿಗಳು ಕಂದಕಗಳಾದವು ಎಂಬರ್ಥದ ಮಾತುಗಳನ್ನು ಆಡುತ್ತದೆ. ಅತಿಶಯೋಕ್ತಿಯಾದರೂ ಸೊಗಸಾದ ಅತಿಶಯೋಕ್ತಿ. ಆ ಬಂಡಿಗಳನ್ನು ಎಳೆದವರು ಯಾರು, ಕೂಲಿ ಏನು ದೊರೆಯಿತು ಎಂಬ ವಿಚಾರವನ್ನು ಶಾಸನಕವಿ ಎತ್ತುವುದಿಲ್ಲ.

ವಿನಯಾದಿತ್ಯನ ಮಗ ಎರೆಯಂಗ. ಅವನಿಗೆ ಏಚಲದೇವಿಯಲ್ಲಿ ಬಲ್ಲಾಳ, ಬಿಟ್ಟಿದೇವ, ಉದಯಾದಿತ್ಯರೆಂಬ ಮೂವರು ಕುಮಾರರು ಜನಿಸಿದರು. ಹಿರಿಯನಾದ ಬಲ್ಲಾಳನ ಅಲ್ಪಕಾಲದ ಆಳ್ವಿಕೆಯಲ್ಲಿ ಜಗದ್ದೇವನೆಂಬುವನು ದೋರಸಮುದ್ರದ ಮೇಲೆ ದಂಡೆತ್ತಿ ಬಂದಾಗ ಸೋದರರು ಒಗ್ಗೂಡಿ ಅವನನ್ನು ಹಿಮ್ಮೆಟ್ಟಿಸಿದರು. 1108ರಲ್ಲಿ ಬಿಟ್ಟಿದೇವನು ಪಟ್ಟಕ್ಕೆ ಬಂದನು. ನಾವು ವಿಷ್ಣುವರ್ಧನನೆಂದು ಕರೆಯುವುದು ಇವನನ್ನೇ.

ಬಿಟ್ಟಿ ಎಂಬ ಹೆಸರಿನ ವಿಷಯದಲ್ಲಿ ಒಂದು ಮಾತು. ವಿಷ್ಣು ಶಬ್ದವು ಕನ್ನಡದಲ್ಲಿ ತದ್ಭವವಾಗಿ ಬಿಟ್ಟಿಯಾಗುತ್ತದೆ. ಕೂಲಿ ಕೊಡದೆ ಬಲವಂತದಿಂದ ದುಡಿಸಿಕೊಳ್ಳುವುದಕ್ಕೆ ಸಂಸ್ಕೃತದಲ್ಲಿ ವಿಷ್ಟಿಯೆಂದು ಹೆಸರು. ಅದೂ ತದ್ಭವವಾಗಿ ಬಿಟ್ಟಿಯೇ ಆಗುತ್ತದೆ. ಬಿಟ್ಟಿಕೆಲಸವೆಂದು ನಾವಿಂದು ಅನ್ನುವುದು ಇದನ್ನೇ. ಭಗವನ್ನಾಮವೂ ಬಡವರ ಬೆವರೂ ಕನ್ನಡಿಗನ ನಾಲಗೆಯ ಮೇಲೆ ಒಂದೇ ಪದವಾಗಿ ನಿಂತದ್ದು ಆಕಸ್ಮಿಕ. ಆದರೆ ಅರಸರ ಚರಿತ್ರೆಯನ್ನು ಓದುವಾಗ ಇದು ಮನಸ್ಸಿನಲ್ಲಿ ಉಳಿಯುತ್ತದೆ. ವಿಷ್ಣುವರ್ಧನನಿಗಿಂತ ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ ಅವತರಿಸಿದ ಶ್ರೀಮದಾಚಾರ್ಯರು ಬದರೀಯಾತ್ರೆಯ ಮಾರ್ಗದಲ್ಲಿ ಈಶ್ವರದೇವನೆಂಬ ದೊರೆಯನ್ನು ಎದುರಿಸಿದ ಪ್ರಸಂಗವನ್ನು ಸುಮಧ್ವವಿಜಯದ ಪ್ರವಚನ ಕೇಳಿದವರೆಲ್ಲ ಬಲ್ಲರು. ಹಾದಿಹೋಕರನ್ನು ಹಿಡಿದು ನೆಲ ಅಗೆಯಿಸುತ್ತಿದ್ದ ಆ ದೊರೆಗೆ, ಅಗೆಯುವ ಬಗೆಯನ್ನು ನೀನೇ ತೋರಿಸು ಎಂದು ಹೇಳಿ, ಆಚಾರ್ಯರು ಅವನ ಕೈಯಿಂದಲೇ ಅಗೆಯಿಸಿ ಮುಂದೆ ಸಾಗಿದರು. ಇನ್ನು ನಮ್ಮ ಕಳಸದ ಸಮೀಪದ ಅಂಬುತೀರ್ಥದಲ್ಲಿ, ಬಹುಜನರಿಂದಲೂ ಅಲುಗದ ಹೆಬ್ಬಂಡೆಯನ್ನು ಒಂದೇ ಕೈಯಿಂದ ತಂದಿರಿಸಿದರೆಂಬ ಐತಿಹ್ಯವೂ ಸುಪ್ರಸಿದ್ಧ. ಒಂದೆಡೆ ಬಿಟ್ಟಿ ಮಾಡಿಸುವವನ ಕೈಗೆ ಗುದ್ದಲಿ ಬಂದಿತು, ಇನ್ನೊಂದೆಡೆ ಜನರ ಭಾರ ಇಳಿಯಿತು.

ಇನ್ನು ಪ್ರಕೃತಕ್ಕೆ ಬರೋಣ. ಬಿಟ್ಟಿದೇವನ ಆಳ್ವಿಕೆಯ ಮೊದಲ ಮಹಾಸಾಧನೆ ತಲಕಾಡಿನ ವಿಜಯ. ನೂರಕ್ಕೂ ಹೆಚ್ಚು ವರ್ಷಗಳಿಂದ ಗಂಗವಾಡಿಯು ಚೋಳರ ವಶದಲ್ಲಿತ್ತು. 1116ರಲ್ಲಿ ದಂಡನಾಯಕ ಗಂಗರಾಜನು ಚೋಳರ ಸಾಮಂತ ಅದಿಯಮನನ್ನು ಸೋಲಿಸಿ ತಲಕಾಡನ್ನು ವಶಪಡಿಸಿಕೊಂಡನು. ಅಂದಿನಿಂದ ಬಿಟ್ಟಿದೇವನು ತಲಕಾಡುಗೊಂಡ, ಭುಜಬಲ ವೀರಗಂಗನಾದನು. ಈ ಬಿರುದಿನ ಮೇಲೆ ಅವನಿಗೆ ಎಂತಹ ಅಭಿಮಾನವಿತ್ತೆಂದರೆ ಹೊನ್ನಿನ ನಾಣ್ಯಗಳ ಮೇಲೂ ಕನ್ನಡ ಅಕ್ಷರಗಳಲ್ಲಿ ಅದನ್ನು ಅಚ್ಚೊತ್ತಿಸಿದನು. ಮುಂದೆ ನೊಳಂಬವಾಡಿಯು ಕೈಸೇರಿದಾಗ ನೊಳಂಬವಾಡಿಗೊಂಡ ಎಂಬ ನಾಣ್ಯವೂ ಹೊರಟಿತು. ಕೊಳ್ಳುವ ಮಾರುವ ಜನರ ಕೈಯಲ್ಲಿ ಅರಸನ ವಿಜಯವು ಓಡಾಡುತ್ತಿತ್ತು.

ಮರುವರ್ಷ, ಎಂದರೆ 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ ನೆರವೇರಿತು. ನಾವು ಚೆನ್ನಕೇಶವನೆಂದು ಸೇವಿಸುವ ಮೂರ್ತಿ ಇದೇ. ಅದರ ಪಕ್ಕದಲ್ಲಿ ಪಟ್ಟದರಸಿ ಶಾಂತಲದೇವಿಯು ಚೆನ್ನಿಗರಾಯನನ್ನು ಪ್ರತಿಷ್ಠಾಪಿಸಿದಳು. ಆ ದೇವಾಲಯದ ಶಿಲ್ಪವನ್ನು ಇಲ್ಲಿ ವರ್ಣಿಸಹೊರಟರೆ ಪುಟಗಳು ಸಾಲವು. ಬಿರುದಿನ ವಿಚಾರವಾಗಿ ಮಾತ್ರ ಒಂದನ್ನು ಹೇಳಬೇಕು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ಮದನಿಕೆಯರ ಕೆಳಗೆ ತಮ್ಮ ಹೆಸರನ್ನು ಕೆತ್ತಿದ್ದಾರೆ. ಬಿರುದು ಹೊತ್ತ ಇತರ ರೂವಾರಿಗಳು ಮನ್ಮಥರಾದರೆ ತಾನು ಅವರನ್ನು ಸುಡುವ ಮಹೇಶ್ವರನೆಂಬ ಬಗೆಯ ಬಿರುದುಗಳು ಅಲ್ಲಿವೆ. ಅರಸನಿಂದ ಹಿಡಿದು ಉಳಿ ಹಿಡಿದವನವರೆಗೆ ಎಲ್ಲರಿಗೂ ಬಿರುದು ಬೇಕಾಗಿದ್ದ ಕಾಲ ಅದು. ಶಾಂತಲೆಗೂ ಸವತಿಗಂಧವಾರಣೆಯೆಂಬ ಬಿರುದಿತ್ತು. ಮೇರೆಮೀರಿದ ಸವತಿಯರಿಗೆ ತಾನು ಮದ್ದಾನೆ ಎಂದು ಅದರ ಅರ್ಥ. ಅರಮನೆಯ ಒಳಗಿನ ಬಾಳು ಅಷ್ಟೇನೂ ಸುಗಮವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ವಿಷ್ಣುವರ್ಧನನ ಮೇಲೆ ಹೊರಿಸಲಾದ ಅತ್ಯಂತ ಘೋರವಾದ ಆರೋಪವನ್ನು ಈಗ ಪರಿಶೀಲಿಸಬೇಕು. ಶ್ರೀ ರಾಮಾನುಜಾಚಾರ್ಯರ ಪ್ರಭಾವದಿಂದ ಅವನು ವೈಷ್ಣವನಾದನೆಂದೂ ಅನಂತರ ಜೈನರನ್ನು ಗಾಣಕ್ಕೆ ಹಾಕಿ ಅರೆಸಿದನೆಂದೂ ಕಥೆಗಳು ಪ್ರಚಾರದಲ್ಲಿವೆ. ಅವನು ನೂರಾರು ಬಸದಿಗಳನ್ನು ನಾಶಗೊಳಿಸಿದ್ದರಿಂದ ಭೂಮಿಯೇ ಬಿರಿಯಿತೆಂದು ಜೈನರ ಸ್ಥಳಪುರಾಣ ಹೇಳುತ್ತದೆ. ವೈಷ್ಣವರಲ್ಲಿ ಕೆಲವರು ಇದೇ ಗಾಣದ ಕಥೆಯನ್ನು ವಿಜಯದ ಕಥೆಯೆಂಬಂತೆ ಹೇಳಿಕೊಂಡು ಬಂದದ್ದೂ ಉಂಟು. ಸಂತೋಷದಿಂದ ಹೇಳಿದರೂ ದುಃಖದಿಂದ ಹೇಳಿದರೂ ಆರೋಪ ಒಂದೇ: ದೇವರ ಹೆಸರಿನಲ್ಲಿ ರಾಜಶಕ್ತಿಯ ದುರುಪಯೋಗ. ಅದು ನಿಜವಾದರೆ ಬೇಲೂರಿನ ಕಲ್ಲುಗಳ ಮೇಲೆ ರಕ್ತದ ಕಲೆಯಿದೆಯೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಸಮಕಾಲೀನ ಶಾಸನಗಳು ತೋರಿಸುವ ಚಿತ್ರವೇ ಬೇರೆ. ಶಾಂತಲದೇವಿಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಶಾಂತಲೆಯು ಕೊನೆಯವರೆಗೆ ಜೈನಳಾಗಿಯೇ ಉಳಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ತನ್ನ ಬಿರುದಿನ ಹೆಸರಿನಲ್ಲೇ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ದೇಹತ್ಯಾಗ ಮಾಡಿದಳು. ಬೇಲೂರಿನ ಪ್ರತಿಷ್ಠೆಗೆ ಎಂಟು ವರ್ಷ ಕಳೆದ ಮೇಲೆ, 1125ರಲ್ಲಿ, ದೊರೆಯು ಶ್ರೀಪಾಲ ತ್ರೈವಿದ್ಯರೆಂಬ ಜೈನಗುರುಗಳಿಗೆ ಭಕ್ತಿಯಿಂದ ದತ್ತಿ ಬಿಟ್ಟಿದ್ದಾನೆ. ತಲಕಾಡನ್ನು ಗೆದ್ದುಕೊಟ್ಟ ಗಂಗರಾಜನೂ ಜೈನನೇ. ಮೆಚ್ಚಿದ ದೊರೆ ಬೇಡಿದ್ದನ್ನು ಕೊಡುವೆನೆಂದಾಗ ಅವನು ತನಗೆಂದು ಏನನ್ನೂ ಇಟ್ಟುಕೊಳ್ಳದೆ, ದೊರೆತ ಗ್ರಾಮವನ್ನು ತಾಯಿಯೂ ಪತ್ನಿಯೂ ಕಟ್ಟಿಸಿದ್ದ ಬಸದಿಗಳಿಗೆ ಬಿಟ್ಟುಕೊಟ್ಟನು. ಗೊಮ್ಮಟೇಶ್ವರನ ಸುತ್ತಾಲಯವನ್ನು ಕಟ್ಟಿಸಿದನು. ಗಂಗವಾಡಿಯ ಜೀರ್ಣ ಬಸದಿಗಳನ್ನು ಉದ್ಧಾರ ಮಾಡಿಸಿದನು. ವೈಷ್ಣವ ದೊರೆಯ ದಂಡನಾಯಕನು ಅದೇ ದೊರೆಯ ಕಣ್ಣೆದುರಿನಲ್ಲಿ ಮಾಡಿದ ಕಾರ್ಯಗಳಿವು. ಇಷ್ಟೂ ಸಾಲದೆಂಬಂತೆ ಹೊಯ್ಸಳರ ಪ್ರಶಸ್ತಿಯಲ್ಲಿದ್ದ ಸಮ್ಯಕ್ತ್ವಚೂಡಾಮಣಿ ಎಂಬ ಜೈನ ಬಿರುದನ್ನು ವಿಷ್ಣುವರ್ಧನನು ತೆಗೆದುಹಾಕಿಸಲೇ ಇಲ್ಲ. ವಿಜಯನಾರಾಯಣನ ಪ್ರತಿಷ್ಠೆಯ ಶಾಸನದಲ್ಲೂ ಅದು ಸುಖವಾಗಿ ಕುಳಿತಿದೆ.

ಎಲ್ಲಕ್ಕಿಂತ ಮಿಗಿಲಾದ ಸಾಕ್ಷಿ ಹಳೇಬೀಡಿನ ಬಸ್ತಿಹಳ್ಳಿಯಲ್ಲಿದೆ. ಗಂಗರಾಜನು ತೀರಿಕೊಂಡಾಗ ಮಗ ಬೊಪ್ಪನು ತಂದೆಯ ಸ್ಮರಣಾರ್ಥವಾಗಿ 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ತಂದೆಯ ಬಿರುದಿನಿಂದ ಅದಕ್ಕೆ ದ್ರೋಹಘರಟ್ಟ ಜಿನಾಲಯವೆಂದು ಹೆಸರಾಯಿತು. ಘರಟ್ಟವೆಂದರೆ ಬೀಸುಕಲ್ಲು, ದ್ರೋಹಿಗಳನ್ನು ಅರೆಯುವ ಬೀಸುಕಲ್ಲೆಂದು ಬಿರುದಿನ ಅರ್ಥ. ಜೈನರನ್ನು ಗಾಣದಲ್ಲಿ ಅರೆಸಿದನೆಂಬ ಅಪವಾದ ಹೊತ್ತ ದೊರೆಯ ರಾಜಧಾನಿಯಲ್ಲಿ ಅರೆಯುವ ಕಲ್ಲೆಂಬ ಬಿರುದು ಒಬ್ಬ ಜೈನ ದಂಡನಾಯಕನದಾಗಿತ್ತು! ಪ್ರತಿಷ್ಠೆ ಮುಗಿಸಿದ ಅರ್ಚಕರು ಪ್ರಸಾದವನ್ನು ಹಿಡಿದು ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಹೋದರು. ಆಗ ತಾನೆ ಅವನು ಮಸಣನೆಂಬ ಶತ್ರುವನ್ನು ಗೆದ್ದಿದ್ದನು. ರಾಣಿ ಲಕ್ಷ್ಮೀದೇವಿಗೆ ಪುತ್ರೋತ್ಸವವೂ ಆಗಿತ್ತು. ದೊರೆಯು ಎದ್ದು ನಿಂತು ಕೈಮುಗಿದು ಪ್ರಸಾದವನ್ನು ತಲೆಯಲ್ಲಿ ಧರಿಸಿ, ಈ ದೇವರ ಪ್ರತಿಷ್ಠೆಯ ಫಲದಿಂದಲೇ ವಿಜಯವೂ ಪುತ್ರಲಾಭವೂ ಒದಗಿದವೆಂದು ಹೇಳಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಬಸದಿಗೆ ಜಾವಗಲ್ಲನ್ನು ದತ್ತಿಯಾಗಿ ಕೊಟ್ಟನು. ಈ ಶಾಸನವನ್ನು ಓದಿದ ಮೇಲೆ ಗಾಣದ ಕಥೆಯನ್ನು ಅಭಿಮಾನದಿಂದಾಗಲಿ ಆಕ್ರೋಶದಿಂದಾಗಲಿ ಹೇಳುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಈ ಬೆಟ್ಟಸೀಮೆಯಲ್ಲಿ ಜೈನ ಅರಸರು ಕಳಸದ ಶಿವಾಲಯಕ್ಕೆ ನಡೆದುಕೊಂಡ ಚರಿತ್ರೆಯನ್ನು ಬಲ್ಲ ನಮ್ಮ ಓದುಗರಿಗೆ ಇದು ಆಶ್ಚರ್ಯವೆನಿಸಲಾರದು.

ಆದರೆ ಇದರಿಂದ ದೊರೆಯು ಸರ್ವಥಾ ನಿರ್ದೋಷಿಯಾಗುವುದಿಲ್ಲ. ಮಾಡದ ಪಾಪದ ಕಥೆ ಮನೆಮನೆಯಲ್ಲಿ ಹಬ್ಬಿದೆ. ಮಾಡಿದ ಕಾರ್ಯಗಳು ಅವನದೇ ಹೊಗಳಿಕೆಯ ಶಾಸನಗಳಲ್ಲಿ ಬಿರುದುಗಳ ಮರೆಯಲ್ಲಿ ಕುಳಿತಿವೆ. ತಲಕಾಡನ್ನು ಗೆದ್ದದ್ದು ಮಾತ್ರವಲ್ಲದೆ ಅದನ್ನು ಸುಟ್ಟನೆಂದೂ ಶಾಸನವೇ ಹೆಮ್ಮೆಯಿಂದ ಸಾರುತ್ತದೆ. ಸುಟ್ಟದ್ದು ಚೋಳರ ಕೋಟೆಯೊಂದನ್ನೇ ಆಗಿರಲಾರದು. ಅಲ್ಲಿ ಕಾವೇರಿಯ ದಡದಲ್ಲಿ ಗದ್ದೆ ಉಳುತ್ತಿದ್ದವರೂ ಇದ್ದರು, ಅಗ್ರಹಾರದವರೂ ಇದ್ದರು. ಚಾಮರಾಜನಗರದ 1117ರ ಶಾಸನವೊಂದು ದಂಡನಾಯಕ ಪುಣಿಸನ ದಂಡಯಾತ್ರೆಯನ್ನು ವರ್ಣಿಸುತ್ತದೆ. ತೋಡರನ್ನು ಬೆದರಿಸಿದನು, ಕೊಂಗರನ್ನು ಅಡಗಿಸಿದನು, ಮಲೆಯಾಳರನ್ನು ಸಂಹರಿಸಿದನು, ನೀಲಗಿರಿಯನ್ನು ಏರಿದನು ಎಂದು ಸಾಲುಸಾಲಾಗಿ ಹೇಳಿಕೊಳ್ಳುತ್ತದೆ. ಎಮ್ಮೆ ಮೇಯಿಸಿಕೊಂಡಿದ್ದ ತೋಡರು ದೋರಸಮುದ್ರದ ಅರಸನಿಗೆ ಯಾವ ಅಪರಾಧ ಮಾಡಿದ್ದರು? ಮಲೆಯಲ್ಲಿ ಹುಟ್ಟಿದ ಮನೆತನವೇ ಮಲೆಯ ಜನರನ್ನು ಬೆದರಿಸಿದ್ದನ್ನು ಕೀರ್ತಿಯೆಂದು ಕಲ್ಲಿನಲ್ಲಿ ಬರೆಯಿಸಿತು.

ಆಶ್ಚರ್ಯವೆಂದರೆ ಅದೇ ಶಾಸನದಲ್ಲಿ ಇದಕ್ಕೆ ಪ್ರತಿಯಾದ ಮಾತೂ ಇದೆ. ಕೆಟ್ಟುಹೋದ ವ್ಯಾಪಾರಿಯಿರಲಿ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿರಲಿ, ಅಧಿಕಾರ ಕಳೆದುಕೊಂಡ ನಾಯಕನಿರಲಿ, ಅವರವರು ಕಳೆದುಕೊಂಡದ್ದನ್ನು ಪುಣಿಸನು ಕೊಟ್ಟು ಸಲಹಿದನೆಂದು ಅದು ತಿಳಿಸುತ್ತದೆ. ಯುದ್ಧವು ಯಾರನ್ನು ಹಾಳುಮಾಡಿತೆಂಬುದರ ಪಟ್ಟಿಯೇ ಇದು. ಹೊಗಳುವವನ ಬಾಯಿಂದ ಅರಿವಿಲ್ಲದೆ ಹೊರಬಿದ್ದ ಈ ಮಾತನ್ನು ನಾವು ಆ ಕಾಲದ ಎಲ್ಲ ಬಿರುದುಗಳಿಗಿಂತಲೂ ಬೆಲೆಯುಳ್ಳದ್ದೆಂದು ಎಣಿಸುತ್ತೇವೆ. ಕಳೆದುಕೊಂಡದ್ದನ್ನು ತುಂಬಿಕೊಡುವ ಕರ್ತವ್ಯ ಗೆದ್ದವನದೆಂಬ ಪರಿಜ್ಞಾನ ದೊರೆಯ ಆಸ್ಥಾನದಲ್ಲಿ ಒಬ್ಬನಿಗಾದರೂ ಇತ್ತು.

ತಲಕಾಡಿನ ನಂತರ ವಿಷ್ಣುವರ್ಧನನ ದೃಷ್ಟಿ ಉತ್ತರಕ್ಕೆ ತಿರುಗಿತು. ಚಕ್ರವರ್ತಿ ವಿಕ್ರಮಾದಿತ್ಯನು ಹನ್ನೆರಡು ಮಂದಿ ಸಾಮಂತರೊಡನೆ ದಂಡನ್ನು ಕಳುಹಿಸಿದಾಗ 1118ರಲ್ಲಿ ಕನ್ನೇಗಾಲದಲ್ಲಿ ಗಂಗರಾಜನು ರಾತ್ರಿಯ ದಾಳಿಯಿಂದ ಆ ಸೈನ್ಯವನ್ನು ಚದುರಿಸಿ ಅವರ ಭಂಡಾರವನ್ನೂ ವಾಹನಗಳನ್ನೂ ತಂದು ದೊರೆಗೆ ಒಪ್ಪಿಸಿದನು. ಆದರೂ ಕೆಲವೇ ವರ್ಷಗಳಲ್ಲಿ ದೊರೆಯು ಚಕ್ರವರ್ತಿಗೆ ತಲೆಬಾಗಬೇಕಾಯಿತು. 1126ರಲ್ಲಿ ವಿಕ್ರಮಾದಿತ್ಯನು ತೀರಿಕೊಂಡ ಮೇಲೆ ನೊಳಂಬವಾಡಿ, ಬನವಾಸಿ, ಹಾನಗಲ್ಲುಗಳ ಕಡೆಗೆ ಮತ್ತೆ ಹೆಜ್ಜೆಯಿಟ್ಟನು. ಎದುರಾಳಿಗಳ ಶಾಸನಗಳನ್ನು ಓದಿದರೆ ಬೇರೆಯೇ ಕಥೆ. ಸಿಂದರ ಪೆರ್ಮಾಡಿಯು ದೋರಸಮುದ್ರಕ್ಕೆ ಮುತ್ತಿಗೆ ಹಾಕಿ, ಬಿಟ್ಟಿದೇವನನ್ನು ಅಟ್ಟಿಕೊಂಡು ಹೋಗಿ ಬೇಲೂರನ್ನೇ ಹಿಡಿದನೆಂದು ಸಿಂದರ ಕವಿಗಳು ಹಾಡಿದ್ದಾರೆ. ಒಬ್ಬನ ಪ್ರಶಸ್ತಿಯಲ್ಲಿ ಸಿಂಹನಾದವನು ಇನ್ನೊಬ್ಬನ ಪ್ರಶಸ್ತಿಯಲ್ಲಿ ಓಡುವ ಜಿಂಕೆ.

ತುಲಾಪುರುಷ, ಹಿರಣ್ಯಗರ್ಭಾದಿ ಮಹಾದಾನಗಳನ್ನು ಮಾಡಿ ಸ್ವತಂತ್ರ ಚಕ್ರವರ್ತಿಯಂತೆ ನಡೆದುಕೊಂಡರೂ ವಿಷ್ಣುವರ್ಧನನ ಬಹುಪಾಲು ಶಾಸನಗಳಲ್ಲಿ ಅವನು ಮಹಾಮಂಡಳೇಶ್ವರನಾಗಿಯೇ ಉಳಿದಿದ್ದಾನೆ. ಕಡೆಗಾಲವನ್ನು ಹೆಚ್ಚಾಗಿ ಬಂಕಾಪುರದ ಬೀಡಿನಲ್ಲಿ ಕಳೆದು ಅಲ್ಲಿಯೇ ನಿಧನ ಹೊಂದಿದನು. ದೇಹವನ್ನು ದೋರಸಮುದ್ರಕ್ಕೆ ಸಾಗಿಸಲಾಯಿತು. ಹುಟ್ಟಿದ ದಿನದಿಂದಲೇ ಪಟ್ಟ ಕಟ್ಟಿಸಿಕೊಂಡವನೆಂದು ಹೊಗಳಲ್ಪಟ್ಟ ನರಸಿಂಹನು ತಂದೆಯ ಸಾಹಸವನ್ನು ತೋರಿಸಲಿಲ್ಲ. ಅಜ್ಜನು ಬಯಸಿದ ಚಕ್ರವರ್ತಿಪದವಿಯು ದೊರೆತದ್ದು ಮೊಮ್ಮಗನಾದ ಇಮ್ಮಡಿ ಬಲ್ಲಾಳನಿಗೆ, 1190ರ ನಂತರದ ವರ್ಷಗಳಲ್ಲಿ. ಚಾಲುಕ್ಯರು ಅಸ್ತಂಗತರಾದರು, ದೇವಗಿರಿಯ ಸೇವುಣರ ಭಿಲ್ಲಮನು ಸೋತನು, ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕನೆಂಬ ಮಾಲೆ ಪೂರ್ತಿಯಾಗಿ ಹೊಯ್ಸಳರ ಕೊರಳಿಗೆ ಬಿದ್ದಿತು.

ಇಷ್ಟೆಲ್ಲ ಆದಮೇಲೂ ಆ ವಂಶದವರು ದತ್ತಿಯ ಶಾಸನಗಳನ್ನು ಬರೆಯಿಸಿ, ಕೊನೆಯಲ್ಲಿ ತಮ್ಮ ರುಜುವೆಂದು ಹಾಕಿಸುತ್ತಿದ್ದದ್ದು ಸೊಸೆವೂರಿನ ಕಾಡಿನಿಂದ ತಂದ ಆ ಹಳೆಯ ಎರಡು ಮಾತುಗಳನ್ನೇ: ಮಲೆಪರೊಳ್ ಗಂಡ.